ಬೆಟ್ಟದ ಮೇಲೆ ಯಾರಿದ್ದರು

ಆದರೆ ದಸರಾ ಗೊಂಬೆಗಳ ಪಕ್ಕದ ಆ ಬೆಟ್ಟವನ್ನು ಹಳೆಯ ಪತ್ರಿಕೆಗಳಿಂದ ಮಾಡಿದ್ದೆವೋ ಗೋಣಿಚೀಲದಿಂದ ಮಾಡಿದ್ದೆವೋ ಎಂಬುದೇ ಈಗ ಖಾತ್ರಿಯಿಲ್ಲ. ನನ್ನ ನೆನಪು ಪತ್ರಿಕೆಗಳಿಂದ ಎನ್ನುತ್ತದೆ. ಯುದ್ಧದ ಸುದ್ದಿ ಹೊತ್ತ ಪುಟಗಳನ್ನೇ ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಮೈದಾ ಗಂಜಿಯಲ್ಲಿ ಮೆತ್ತಿ, ಯುದ್ಧದ ಬೆಟ್ಟ ಕಟ್ಟಿದೆವಂತೆ. ಇಷ್ಟು ಅಚ್ಚುಕಟ್ಟಾದ ನೆನಪನ್ನು ನಾನು ನಂಬುವುದಿಲ್ಲ. ಬರೆಯುವ ಚಟವಿರುವವನ ನೆನಪು ಒಳ್ಳೆಯ ದರ್ಜಿಯಿದ್ದಂತೆ. ಬಟ್ಟೆ ಯಾರದಾದರೂ ಅಳತೆ ತನ್ನ ಯಜಮಾನನಿಗೇ ಕೂರುತ್ತದೆ. ಹೆಂಡತಿ ವಿಶಾಲುವನ್ನು ಕೇಳಿದರೆ, "ಗೋಣಿಚೀಲ ಕಣ್ರೀ. ಪೇಪರನ್ನೆಲ್ಲ ನೀವು ಮುಟ್ಟೋಕೆ ಬಿಡ್ತಿದ್ರಾ?" ಎನ್ನುತ್ತಾಳೆ. ಅವಳ ನೆನಪಿನಲ್ಲಿ ನಾನು ಜಿಪುಣ, ನನ್ನ ನೆನಪಿನಲ್ಲಿ ನಾನು ಶಿಲ್ಪಿ. ನಡುವಿನದು ನಿಜವಿರಬೇಕು, ಅಥವಾ ಅದೂ ಇರಲಿಕ್ಕಿಲ್ಲ.

ಕಾರ್ಗಿಲ್ಲಿನ ಯುದ್ಧ ನಡೆದ ವರ್ಷದ ದಸರಾ ಅದು ಎಂಬಷ್ಟು ಮಾತ್ರ ಇಬ್ಬರಿಗೂ ಒಪ್ಪಿಗೆ. ಮೈಸೂರಿನಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳು ಎರಡು ಬಗೆ. ವರ್ಷವೂ ಅವೇ ಗೊಂಬೆಗಳನ್ನು ಅದೇ ಮೆಟ್ಟಿಲಿನಲ್ಲಿ ಕೂರಿಸಿ ನಿಶ್ಚಿಂತರಾಗುವ ಮನೆಗಳು ಒಂದು ಬಗೆ. ಮೆಟ್ಟಿಲಿನ ಪಕ್ಕದಲ್ಲಿ ವರ್ಷಕ್ಕೊಂದು ಹೊಸ ದೃಶ್ಯ ಕಟ್ಟಿ ಇಡೀ ಬೀದಿಯ ಹೊಟ್ಟೆ ಉರಿಸುವವು ಇನ್ನೊಂದು. ಕುವೆಂಪುನಗರದ ನಮ್ಮ ಮನೆ ಎರಡನೆಯದು. ಆ ವರ್ಷ ಕುವೆಂಪುನಗರದಲ್ಲಿ ಎಷ್ಟು ಮನೆಗಳಲ್ಲಿ ಹಿಮಾಲಯ ಎದ್ದಿತ್ತೋ! ಹತ್ತಿಯೇ ಹಿಮ, ಸಾಸಿವೆಯ ಮೊಳಕೆಯೇ ಕಣಿವೆ. ಸೈನಿಕರನ್ನು ಮಾತ್ರ ಅಂಗಡಿಯಿಂದ ತರಬೇಕಿತ್ತು. ಪ್ಲಾಸ್ಟಿಕ್ ಸೈನಿಕರ ಒಂದು ಪೊಟ್ಟಣ ತಂದೆ. ಎಲ್ಲರೂ ಒಂದೇ ಅಚ್ಚಿನವರು, ಒಂದೇ ಹಸಿರಿನವರು. ಶತ್ರು ಬೇಕಲ್ಲ? ವಿಶಾಲು ಅರ್ಧದಷ್ಟು ಜನರ ಟೋಪಿಗೆ ತನ್ನ ಉಗುರುಬಣ್ಣ ಹಚ್ಚಿ ಕಿಟಕಿಯಲ್ಲಿ ಒಣಗಲಿಟ್ಟಳು. ಶತ್ರುಗಳು ತಯಾರಾದರು. ಇದರಿಂದ ಮಹತ್ತರವಾದೊಂದು ತತ್ವ ಹೊರಡಿಸುವ ಆಸೆ ನನಗೆ ಆ ಕ್ಷಣವೇ ಆಗಿತ್ತು. ಬಂದವರೆದುರೆಲ್ಲ ಹೊರಡಿಸಿಯೂ ಇದ್ದೆ. ಮೂರನೆಯ ಸಲ ಹೊರಡಿಸುವಾಗ ವಿಶಾಲು ಬಂದವರಿಗೆ ಹಂಚುವ ಚರುಪಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಬಾಯಿಗೆ ಬೇರೆ ಕೆಲಸ ಹಚ್ಚಿದಳು.

ಗೊಂಬೆಮನೆಗೆ ಒಂದು ಧರ್ಮವಿದೆ. ಎತ್ತರವೇ ಗೌರವ. ಪಟ್ಟದ ಗೊಂಬೆಗಳಾದ ರಾಜ ರಾಣಿಯರು ಎಲ್ಲಕ್ಕಿಂತ ಮೇಲೆ, ದೇವರು ದಿಂಡರು ಅವರ ಆಸುಪಾಸಿನಲ್ಲಿ, ಕೆಳಕ್ಕಿಳಿದಂತೆ ಋಷಿಗಳು, ಶೆಟ್ಟಿ ದಂಪತಿ, ಕಟ್ಟಕಡೆಗೆ ಹುಲಿ ಹಂದಿಗಳು. ಈ ಧರ್ಮದಲ್ಲೇ ಬೆಳೆದ ವಿಶಾಲು ನಮ್ಮ ಸೈನಿಕರನ್ನು ಬೆಟ್ಟದ ತುದಿಯಲ್ಲಿ ಕಾಗದದ ಬಾವುಟದೊಂದಿಗೆ ಸಾಲಾಗಿ ನಿಲ್ಲಿಸಿದಳು. ಉಗುರುಬಣ್ಣದವರು ಬುಡದಲ್ಲಿ, ಸಾಸಿವೆ ಮೊಳಕೆಯ ನಡುವೆ, ಮೇಲಕ್ಕೆ ಗುರಿಯಿಟ್ಟಿದ್ದರು. ಬಂದವರೆಲ್ಲ ಮೆಚ್ಚಿದರು. ಯಾರಿಗೂ ಏನೂ ತಪ್ಪೆನಿಸಲಿಲ್ಲ.

ಪಕ್ಕದ ಮನೆ ಶಿವಬಸಪ್ಪನವರದು. ಸಂತೇಪೇಟೆಯಲ್ಲಿ ಅಕ್ಕಿ ವ್ಯಾಪಾರ. ಹಣೆಯ ವಿಭೂತಿಯೂ ನಾಲಗೆಯ ವ್ಯಂಗ್ಯವೂ ಒಂದು ದಿನವೂ ಮಾಸಿದ್ದನ್ನು ನಾನು ಕಾಣೆ. ಅವರ ಮನೆಯ ಮಹಡಿಯಲ್ಲಿ ಸುಮಿತ್ರ ಬಾಡಿಗೆಗಿದ್ದಳು, ಗಂಡ ಮಹದೇವ ಸೈನ್ಯದಲ್ಲಿ. ಆ ಬೇಸಿಗೆಯಿಡೀ ಅವಳು ನಮ್ಮ ಟೀವಿಯ ಮುಂದೆ ಕುಳಿತಿದ್ದಳು. ಆದರೆ ಧೈರ್ಯವಾಗಿದ್ದಳು. ಮಹದೇವ ಸ್ಟೋರಿನಲ್ಲಿ, ಗುಂಡಿನ ಸದ್ದೂ ಕೇಳದಷ್ಟು ಹಿಂದೆ, ಹಿಟ್ಟು ಬೇಳೆ ತೂಗಿ ಕೊಡುವ ಕೆಲಸದಲ್ಲಿದ್ದೇನೆಂದು ಫೋನಿನಲ್ಲಿ ಹೇಳಿದ್ದನಂತೆ. "ನಮ್ಮೋರು ಶಿವಬಸಪ್ಪನೋರ ಥರಾನೇ ಕಣಕ್ಕ, ಮಂಡೀಲಿ ಕೂತವ್ರೆ" ಎಂದು ವಿಶಾಲುಗೆ ಹೇಳಿ ನಗುತ್ತಿದ್ದಳು. ದಸರಾಕ್ಕೆ ಅವನು ರಜೆಯ ಮೇಲೆ ಬಂದ. ಅವನ ಕರಾರಿನ ಅವಧಿ ಮುಗಿಯುವುದರಲ್ಲಿತ್ತು. ಬಿಟ್ಟು ಬರಬಹುದು, ಇಲ್ಲವೇ ಇನ್ನಷ್ಟು ವರ್ಷ ಇರುತ್ತೇನೆಂದು ಬರೆದುಕೊಡಬಹುದು. ಇರಬೇಕೆಂದು ಅವನಿಗೆ ಮನಸ್ಸು. ಸ್ಟೋರಿನ ಕೆಲಸವೇ ತಾನೇ ಎಂದು ಅವಳೂ ಹೆಚ್ಚುಕಡಿಮೆ ಒಪ್ಪಿದ್ದಳು. ರಜೆ ಮುಗಿಯುವುದರೊಳಗೆ ತೀರ್ಮಾನವಾಗಬೇಕಿತ್ತು.

ಅವರಿಬ್ಬರೂ ಗೊಂಬೆ ನೋಡಲು ಬಂದ ಸಂಜೆ ನಮ್ಮ ಹಜಾರದಲ್ಲಿ ಶಿವಬಸಪ್ಪನವರೂ, ಎದುರುಮನೆಯ ಅನಂತಯ್ಯ ಮೇಷ್ಟ್ರೂ ಇದ್ದರು. ಅನಂತಯ್ಯನವರು ಚರಿತ್ರೆ ಪಾಠ ಮಾಡಿ ನಿವೃತ್ತರಾದವರು, ಆದರೆ ಪಾಠದಿಂದ ನಿವೃತ್ತರಾದವರಲ್ಲ. ನೆರೆಯ ದೇಶಗಳು ಯಾಕೆ ಕಾದಾಡುತ್ತವೆ ಎಂಬ ಚರ್ಚೆ ಎದ್ದಿತ್ತು. ಗೆರೆ ಎಳೆದವರ ಅವಸರವೇ ಕಾರಣವೆಂದು ಅನಂತಯ್ಯನವರು. ಹೊರಡುವ ಹೊತ್ತಾಯಿತೆಂದು ಯಾರೋ ನಕ್ಷೆಯ ಮೇಲೆ ಗೀಚಿದರು, ಆ ಗೀಚಿನ ಮೇಲೆ ಐವತ್ತು ವರ್ಷ ರಕ್ತ ಸುರಿಯಿತು.

"ಗೆರೆ ಪಾಪ ಏನ್ ಮಾಡ್ತದೆ ಮೇಷ್ಟ್ರೇ?" ಎಂದರು ಶಿವಬಸಪ್ಪ. "ನನ್ನ ಮನೆಗೂ ಇವ್ರ ಮನೆಗೂ ಗೋಡೆ ಇಲ್ವಾ? ಮದ್ದುಗುಂಡು ಮಾರೋನ ಗೋಡೌನ್ ತುಂಬ್ಬುಟ್ರೆ ಎಲ್ಲಾದ್ರೂ ಒಂದು ಕಡೆ ಯುದ್ಧ ಆಗ್ಲೇಬೇಕು. ನಾನು ವ್ಯಾಪಾರಸ್ಥ, ನಂಗೆ ಗೊತ್ತು ಬುಡಿ."

"ಹಂಗಾದ್ರೆ ನಿಮ್ಮ ಗೋಡೌನ್ ತುಂಬಿದ್ರೆ ನಮಗೆಲ್ಲ ಅಜೀರ್ಣ ಆಗ್ಬೇಕಿತ್ತಲ್ಲ!" ಎಂದರು ಅನಂತಯ್ಯ.

ವಿಶಾಲು ಅಡುಗೆಮನೆಯಿಂದಲೇ, "ದೂರ ಇದ್ದೋರು ಯಾಕೆ ಜಗಳ ಆಡ್ತಾರ್ರೀ? ಒಂದೇ ತಾಯಿ ಮಕ್ಕಳು ಪಾಲಾದ್ರೆ ಹೀಗೇನೇ" ಎಂದು ಪ್ರಕರಣ ಮುಗಿಸಿದಳು. ನಾನೂ ಸುಮ್ಮನಿರಲಿಲ್ಲ. ದೇಶಗಳು ತಮ್ಮ ಭಯಕ್ಕೊಂದು ಮುಖ ಬೇಕೆಂದು ಪಕ್ಕದವರ ಮುಖವನ್ನು ಎರವಲು ಪಡೆಯುತ್ತವೆ, ಎಂದೇನೋ ಹೇಳಿದೆ. ಅರ್ಥವಾಗದ ಕಾರಣ ಯಾರೂ ವಿರೋಧಿಸಲಿಲ್ಲ. ಈಗ ಎಣಿಸಿದರೆ ನಾಲ್ವರ ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಒಂದಿಷ್ಟು ನಿಜ ಸಿಕ್ಕವರು ಎಷ್ಟು ಸಂತೋಷದಿಂದ ಇರುತ್ತಾರೆಂಬುದೇ ನನಗೆ ಈಗ ಹೆಚ್ಚು ನೆನಪಾಗುವುದು.

ಕೊನೆಗೆ ಎಲ್ಲರೂ ಮಹದೇವನ ಕಡೆ ತಿರುಗಿದೆವು. "ಅಲ್ಲೇ ಇದ್ದೋರು ನೀವು. ನೀವ್ ಹೇಳೀಪ್ಪ, ಯುದ್ಧ ಯಾಕಾಯ್ತು?" ಎಂದರು ಅನಂತಯ್ಯ, ಉತ್ತರಪತ್ರಿಕೆಗೆ ಕೈ ಚಾಚಿದವರಂತೆ.

ಅವನು ಬೆಟ್ಟದ ಪಕ್ಕ ನೆಲದ ಮೇಲೆ ಕುಳಿತಿದ್ದ. ನಮ್ಮ ಮಾತು ನಡೆದಿರುವಾಗಲೇ ಅವನ ಕೈ ಅದರ ಪಾಡಿಗೆ ಏನೋ ಮಾಡುತ್ತಿತ್ತು. ಗೋಡೆಯ ಮೇಲೆ ಸೊಟ್ಟಗಿರುವ ಪಟವನ್ನು ಕೆಲವರು ಮಾತಾಡುತ್ತಲೇ ನೆಟ್ಟಗೆ ಮಾಡುತ್ತಾರಲ್ಲ, ಹಾಗೆ. ತುದಿಯಲ್ಲಿದ್ದ ನಮ್ಮವರನ್ನು ಒಬ್ಬೊಬ್ಬರನ್ನಾಗಿ ಇಳಿಸಿ, ಉಗುರುಬಣ್ಣದವರನ್ನು ಮೇಲೆ ಕಲ್ಲಿನ ಮರೆಯಲ್ಲಿ ಕೂರಿಸಿದ್ದ. ನಮ್ಮವರು ಈಗ ಕಡಿದಾದ ಮಗ್ಗುಲಲ್ಲಿ ಹೊಟ್ಟೆ ಅಡಿಯಾಗಿ ಮಲಗಿದ್ದರು, ಒಬ್ಬರಿಂದೊಬ್ಬರು ದೂರ ದೂರ. ನಾವೂ ಬೇಸಿಗೆಯಿಡೀ ಟೀವಿಯಲ್ಲಿ ಕೇಳಿದ್ದೆವು: ಅವರು ಶಿಖರದ ಮೇಲಿದ್ದರು, ನಮ್ಮವರು ಕೆಳಗಿನಿಂದ ಹತ್ತಬೇಕಾಯಿತು ಎಂದು. ಕೇಳಿಯೂ ಗೌರವದ ಲೆಕ್ಕದಲ್ಲಿ ನಮ್ಮವರನ್ನು ಮೇಲೆ ನಿಲ್ಲಿಸಿ ಆನಂದಪಟ್ಟಿದ್ದೆವು.

"ಯಾಕೆ ಅಂತ ಗೊತ್ತಿಲ್ಲ ಸಾರ್" ಎಂದ ಅವನು, ಗೊಂಬೆಗಳಿಂದ ಕಣ್ಣೆತ್ತದೆ. "ಯೋಚ್ನೆ ಮಾಡೋಕೆ ಉಸಿರೇ ಇರ್ತಿರ್ಲಿಲ್ಲ. ನಾಕು ಹೆಜ್ಜೆ ಇಟ್ರೆ ಕೂತ್ಕೋಬೇಕು. ಮೇಲಿಂದ ಕಲ್ಲು ಉರುಳಿಸಿದ್ರೂ ಸಾಕಿತ್ತು ಅವ್ರು."

ಅನಂತಯ್ಯ ತಲೆದೂಗಿದರು. ಶಿವಬಸಪ್ಪ ಚರುಪು ಬಾಯಿಗೆ ಹಾಕಿಕೊಂಡರು. ನನಗೂ ಹೊಳೆಯಲಿಲ್ಲ. ಹೊಳೆದದ್ದು ಸುಮಿತ್ರಳಿಗೆ. ಕುಂಕುಮ ಇಟ್ಟುಕೊಂಡು ಹೂವಿಗೆ ಕೈ ಚಾಚಿದ್ದವಳು ಚಾಚಿದ ಕೈಯಲ್ಲೇ ನಿಂತಳು.

"ಸ್ಟೋರಲ್ಲಿ ಕೂತೋರಿಗೆ ಉಸಿರು ಯಾಕ್ರೀ ಹೋಯ್ತದೆ?"

ಮಹದೇವನ ಕೈ ನಿಂತಿತು. ತಾನು ಏನು ಮಾಡಿದ್ದೇನೆಂದು ಅವನಿಗೂ ಆಗಲೇ ಕಂಡದ್ದು. "ಎಲ್ರೂ ಹೇಳ್ತಿದ್ರು ಕಣೇ…" ಎಂದ.

"ಎಲ್ರೂ ಹೇಳಿದ್ದು ನಾನೂ ಕೇಳಿವ್ನಿ, ಟೀವೀಲಿ. ನಂಗೆ ಗೊಂಬೆಗಳ್ನ ಅಂಗೆ ಮಲಗ್ಸೋಕೆ ಬರಲ್ಲ." ಆಮೇಲೆ ನಮ್ಮ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ, ತಿಳಿದವರನ್ನು ಕೇಳುವ ವಿನಯದಿಂದಲೇ. "ಯುದ್ಧ ಯಾಕಾಯ್ತದೆ ಅಂತ ಇಷ್ಟ್ ಹೊತ್ತು ಹೇಳಿದ್ರಲ್ಲ ಸಾರ್. ಬಿಟ್ಟು ಬರ್ಬೋದು ಅಂದ್ರೂ ಇವ್ರು ಇನ್ನೂ ಯಾಕೆ ಇರ್ತೀನಿ ಅಂತಾರೆ? ಅದೊಂದು ಹೇಳ್ಬುಡಿ."

ಗೆರೆಯಾಗಲಿ ಗೋಡೌನಾಗಲಿ ಅಲ್ಲಿಗೆ ತಲುಪುವಂತಿರಲಿಲ್ಲ. ನನ್ನ ಎರವಲು ಮುಖವಂತೂ ಮೊದಲೇ ಬಿದ್ದುಹೋಗಿತ್ತು. ಎರಡು ದೇಶಗಳ ಮನಸ್ಸನ್ನು ಒಂದು ಸಂಜೆಯಲ್ಲಿ ಬಿಡಿಸಿಟ್ಟ ನಮಗೆ, ಎದುರಿಗೇ ಕಾಲು ಮಡಿಸಿ ಕುಳಿತಿದ್ದ ಒಬ್ಬ ಮನುಷ್ಯನ ಬಗ್ಗೆ ಹೇಳಲು ಏನೂ ಇರಲಿಲ್ಲ. ಹಣ, ಹಟ, ಜೊತೆಯವರ ಋಣ, ಅಭ್ಯಾಸ, ಹೆಮ್ಮೆ ಎಂದು ಹತ್ತು ಕಾರಣಗಳನ್ನು ಆಮೇಲೆ ನಾನು ಹುಡುಕಿದ್ದೇನೆ. ಹತ್ತೂ ಅಚ್ಚುಕಟ್ಟಾಗಿವೆ, ಅದರಿಂದಲೇ ಅನುಮಾನ.

ಮಹದೇವ ಎದ್ದು, "ನಡೀ, ಮನೇಲಿ ಮಾತಾಡಣ" ಎಂದ. ವಿಶಾಲು ಓಡಿ ಬಂದು ಸುಮಿತ್ರಳ ಮುಡಿಗೆ ಹೂವು ಸಿಕ್ಕಿಸಿದಳು. ಪಕ್ಕದ ಮನೆಯ ಮಹಡಿಯ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಮೇಲೆ ಏನು ಮಾತಾಯಿತೆಂದು ನಮಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾವೆಲ್ಲ ಕಿಟಕಿಯ ಕಡೆ ಸರಿದು ಕೂತದ್ದು ನಿಜ.

ರಜೆ ಮುಗಿದು ಅವನು ಹೊರಟ. ಬರೆದುಕೊಟ್ಟು ಬರಲು ಹೋದನೋ ಬಿಟ್ಟು ಬರಲು ಹೋದನೋ, ಕೇಳುವ ಧೈರ್ಯ ವಿಶಾಲುಗೂ ಆಗಲಿಲ್ಲ. ಹೊಸ ವರ್ಷಕ್ಕೆ ಮುಂಚೆ ಸುಮಿತ್ರ ಶ್ರೀರಾಂಪುರದ ಕಡೆ ಮನೆ ಬದಲಾಯಿಸಿದಳು. ಹೋಗುವಾಗ ವಿಳಾಸ ಕೊಡುತ್ತೇನೆಂದಿದ್ದಳು.

ಎಷ್ಟೋ ವರ್ಷಗಳ ಮೇಲೆ ನಮ್ಮ ಮೈಸೂರಿನ ಹೆಬ್ಬಾಳದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಪಕ್ಕಕ್ಕೆ ಕಾರ್ಖಾನೆಯ ಪಾಳಿ ಬಸ್ಸೊಂದು ಬಂದು ನಿಂತಿತು. ಕಿಟಕಿಯಲ್ಲಿ ಸುಮಿತ್ರ ಇದ್ದಳು. ಗುರುತು ಹಿಡಿದು, "ವಿಶಾಲಕ್ಕ ಚೆಂದಾಕವ್ರಾ ಸಾರ್?" ಎಂದು ಕೂಗಿದಳು. ಚೆನ್ನಾಗಿದ್ದಾಳೆಂದು ಕೂಗಿದೆ. ಅವಳ ಪಕ್ಕದ ಸೀಟಿನಲ್ಲಿ ಗಂಡಸೊಬ್ಬ ಮುಖದ ಮೇಲೆ ಟವೆಲು ಹಾಕಿಕೊಂಡು ನಿದ್ದೆ ಮಾಡುತ್ತಿದ್ದ. ಬಸ್ಸು ಹೊರಟಿತು. ಅದು ಮಹದೇವ ಎಂದು ಮನೆಗೆ ಬಂದು ವಿಶಾಲುಗೆ ಹೇಳಿದೆ. ಆಮೇಲೂ ಹಲವರಿಗೆ ಹಾಗೇ ಹೇಳಿದ್ದೇನೆ. ನಾನು ಮುಖ ನೋಡಲಿಲ್ಲ. ಅವನು ಯಾರೆಂದು ನನಗೆ ಗೊತ್ತಿಲ್ಲ.