ನೆಲಮಾಳಿಗೆಯ ಪಂಪು ಗುಂಯ್‌ಗುಟ್ಟಿದಾಗ

ಸದ್ದು ನನಗೆ ಆಗಿಬರುವುದಿಲ್ಲ ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಉಡುಪಿಯಲ್ಲಿ ನಮ್ಮ ಮನೆಗೂ ಹಿಟ್ಟಿನ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗಿರಣಿ ಓಡುವಾಗ ನಾವೆಲ್ಲ ಗಟ್ಟಿಯಾಗಿ ಮಾತಾಡುತ್ತಿದ್ದೆವು. ನಿಂತ ಮೇಲೂ ಅದೇ ದನಿಯಲ್ಲಿ ಮುಂದುವರಿಸುತ್ತಿದ್ದೆವು. ನಾನು ಪರೀಕ್ಷೆಗೆ ಓದಿದ್ದು, ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋದದ್ದು ಎಲ್ಲವೂ ಆ ಸದ್ದಿನೊಳಗೇ ನಡೆಯಿತು. ಅಂಥವಳು ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದು ಕೆಲವು ವರ್ಷ ಕಳೆಯುವಷ್ಟರಲ್ಲಿ ಫ್ರಿಜ್ಜು ಕೆಮ್ಮಿದರೂ ತಲೆಯೆತ್ತಿ ನೋಡುವವಳಾದೆ. ನಿಶ್ಶಬ್ದವೂ ಕಾಫಿಯಂತೆಯೇ, ಒಮ್ಮೆ ರೂಢಿಯಾದರೆ ಕಡಿಮೆಯಾದಾಗ ತಲೆ ನೋಯುತ್ತದೆ.

ಕಳೆದ ಚಳಿಗಾಲದ ಮೊದಲಿಗೆ, ಮನೆ ಬೆಚ್ಚಗಾಗಿಸುವ ವ್ಯವಸ್ಥೆಯನ್ನು ಚಾಲೂ ಮಾಡಿದ ವಾರವೇ, ನಮ್ಮಲ್ಲಿ ಒಂದು ಗುಂಯ್ ಶುರುವಾಯಿತು. ದೊಡ್ಡದೇನಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಒಂದೇ ಸ್ವರ ಹಿಡಿದು ಕೂತಿದ್ದಾರೆ ಎನ್ನುವಷ್ಟು. ಎಲ್ಲಿಂದ ಬರುತ್ತದೆಂದು ನನಗೆ ಕೂಡಲೇ ಹೊಳೆಯಿತು. ನಾವು ನೆಲಮಹಡಿಯಲ್ಲಿ ಬಾಡಿಗೆಗಿದ್ದೇವೆ. ಮೇಲೆ ಮನೆಯ ಮಾಲೀಕ ಹೆರ್ ಲೋರೆಂಟ್ಸ್, ಅಂದರೆ ಶ್ರೀಯುತ ಲೋರೆಂಟ್ಸ್, ಒಬ್ಬರೇ ಇದ್ದಾರೆ. ನಿವೃತ್ತ ಭೂಗೋಳದ ಮೇಷ್ಟ್ರು. ಮೊಣಕಾಲಿನ ಆಪರೇಷನ್ ಆದಮೇಲೆ ಮನೆಯೊಳಗೇ ತುಳಿಯುವ ಸೈಕಲ್ಲೊಂದನ್ನು ತರಿಸಿದ್ದರು. ಆ ಸೈಕಲ್ಲೇ ಕಳ್ಳನೆಂದು ನಾನು ತೀರ್ಮಾನಿಸಿಬಿಟ್ಟೆ.

"ಇಡೀ ದಿನ ತುಳಿಯುತ್ತಾರಾ ಆ ಮನುಷ್ಯ? ಕಾಲಿಗೆ ಎಂತ ಆಗಬೇಕು?" ಎಂದೆ ಗಂಡ ಸುಧಾಕರನಿಗೆ.

"ಸುಮ್ಮನಿರು ಮಾರಾಯ್ತಿ," ಎಂದ ಅವನು. "ಮನೆ ಅವರದ್ದು, ಕಾಲು ಅವರದ್ದು. ಈ ಊರಲ್ಲಿ ಬೇರೆ ಮನೆ ಹುಡುಕುವ ಶಕ್ತಿ ನಿನಗುಂಟಾ?"

ಇರಲಿಲ್ಲ. ಈ ಮನೆ ಸಿಗುವ ಮೊದಲು ಎಷ್ಟು ಬಾಗಿಲುಗಳಲ್ಲಿ ನಿಂತು ನಗುಮುಖ ಮಾಡಿದ್ದೆವೆಂಬುದು ಇಬ್ಬರಿಗೂ ನೆನಪಿತ್ತು. ಹಾಗಾಗಿ ಸುಮ್ಮನಿದ್ದೆ. ಆದರೆ ಮೆಟ್ಟಿಲ ಬಳಿ ಅವರು ಸಿಕ್ಕಾಗ ನನ್ನ "ಮೋರ್ಗೆನ್" ಎಂಬ ಬೆಳಗಿನ ನಮಸ್ಕಾರ ಸ್ವಲ್ಪ ಗಿಡ್ಡವಾಯಿತು. ವಿಚಿತ್ರವೆಂದರೆ ಅವರದ್ದೂ ಗಿಡ್ಡವಾಗುತ್ತಿತ್ತು. ಪ್ರತಿ ವರ್ಷ ತೋಟದ ಸೇಬನ್ನು ಬುಟ್ಟಿಯಲ್ಲಿಟ್ಟು ನಮ್ಮ ಬಾಗಿಲಿಗೆ ತರುತ್ತಿದ್ದವರು ಆ ಸಲ ತರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೆರ್ ಲೋರೆಂಟ್ಸ್ ಇಸ್ತ್ರಿಯ ಅಂಗಿ ಹಾಕಿಕೊಂಡು, ಕಂಠಪಾಠ ಮಾಡಿಕೊಂಡು ಬಂದವರಂತೆ ನಿಂತಿದ್ದರು. "ದಯವಿಟ್ಟು ತಪ್ಪು ತಿಳಿಯಬೇಡಿ," ಎಂದರು. "ನಿಮ್ಮ ಅಡುಗೆ ಪದ್ಧತಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಅಕ್ಕಿ ರುಬ್ಬುವ ಯಂತ್ರವನ್ನು ಭಾನುವಾರವಾದರೂ ನಿಲ್ಲಿಸಬಹುದೇ?"

ನನ್ನ ಗ್ರೈಂಡರನ್ನು ಅವರಿಗೆ ಹಿಂದೊಮ್ಮೆ ನಾನೇ ಹೆಮ್ಮೆಯಿಂದ ತೋರಿಸಿದ್ದೆ. ಈಗ ಅವರನ್ನು ಒಳಗೆ ಕರೆದು ಮತ್ತೊಮ್ಮೆ ತೋರಿಸಿದೆ. ಅದು ಕಪಾಟಿನಲ್ಲಿ, ಕಲ್ಲು ಒಣಗಿಕೊಂಡು, ವೈರು ಸುತ್ತಿಕೊಂಡು ಕೂತಿತ್ತು. ಗುಂಯ್ ಮಾತ್ರ ನಡೆದೇ ಇತ್ತು.

"ಹಾಗಾದರೆ ಇದೇನು?" ಎಂದರು.

"ನಾವು ನಿಮ್ಮ ಸೈಕಲ್ ಅಂದುಕೊಂಡಿದ್ದೆವು," ಎಂದೆ.

"ಅದನ್ನು ನಾನು ಹತ್ತಿಯೇ ಇಲ್ಲ. ಅಂಗಿ ನೇತುಹಾಕುತ್ತೇನೆ."

ಅಷ್ಟರಲ್ಲಿ ಸುಧಾಕರನೂ ಎದ್ದು ಬಂದ. ಆಮೇಲೆ ಅವರು ಮೆಲ್ಲಗೆ ಬಗ್ಗಿ, ಕಿಟಕಿಯ ಕೆಳಗಿದ್ದ, ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಕಿವಿ ಹಚ್ಚಿದರು. ನಾನೂ ಎದುರಿನ ತುದಿಗೆ ಕಿವಿ ಹಚ್ಚಿದೆ. ಬಿಸಿ ಕಬ್ಬಿಣಕ್ಕೆ ಕೆನ್ನೆಯಿಟ್ಟು ಮನೆ ಮಾಲೀಕನ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಪ್ರಸಂಗ ಎಲ್ಲ ಬಾಡಿಗೆದಾರರಿಗೂ ಒದಗುವಂಥದ್ದಲ್ಲ. ಸದ್ದು ಕೊಳವೆಯೊಳಗಿಂದ, ಕೆಳಗಿನಿಂದ ಬರುತ್ತಿತ್ತು.

ನೆಲಮಾಳಿಗೆಗೆ ಇಳಿದೆವು. ಅಲ್ಲಿ ನೀರು ಕಾಯಿಸುವ ಬಾಯ್ಲರು. ಅದರ ಪಕ್ಕದ ಕೊಳವೆಯ ನಡುವೆ ಸುಲಿದ ತೆಂಗಿನಕಾಯಿಯ ಗಾತ್ರದ ಕೆಂಪು ಪಂಪು. ಕಾದ ನೀರನ್ನು ಎರಡೂ ಮನೆಗಳ ರೇಡಿಯೇಟರುಗಳಿಗೆ ತಳ್ಳಿ, ತಣಿದದ್ದನ್ನು ಮರಳಿ ಕರೆತರುವುದು ಅದರ ಕಸುಬು. ಮುಟ್ಟಿದರೆ ಅಂಗೈ ಜುಮ್ಮೆನ್ನುವಷ್ಟು ನಡುಗುತ್ತಿತ್ತು. ಅದರ ಮೇಲಿನ ಮೊಳೆಗೆ, ನೀಲಿ ಉಲ್ಲನ್ ದಾರದಲ್ಲಿ ಒಂದು ಸಣ್ಣ ಹಿತ್ತಾಳೆಯ ಕೀ ತೂಗುತ್ತಿತ್ತು.

"ಇದೆಲ್ಲ ಹೆಲ್ಗಾಳ ಇಲಾಖೆ," ಎಂದರು ಹೆರ್ ಲೋರೆಂಟ್ಸ್. ಹೆಲ್ಗಾ ಅವರ ಹೆಂಡತಿ. ನಾವು ಈ ಮನೆಗೆ ಬರುವ ಮೊದಲೇ ತೀರಿಕೊಂಡವರು. "ನಾನು ಪಾಠ ಮಾಡುತ್ತಿದ್ದೆ, ಅವಳು ಪಂಪು ನೋಡಿಕೊಳ್ಳುತ್ತಿದ್ದಳು. ಅವಳು ಹೋದಮೇಲೆ ಇದನ್ನು ಯಾರೂ ಮುಟ್ಟಿಲ್ಲ." ಹಾಗೆಂದು ಕೀಯನ್ನು ನೋಡಿದರೇ ಹೊರತು ತೆಗೆಯಲಿಲ್ಲ.

ಮರುದಿನ ರಿಪೇರಿ ಕಂಪನಿಗೆ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆ ಕಡೆಯ ಹೆಂಗಸು ಕೇಳಿದರು: ಸದ್ದು ಎಂಥದ್ದು, ಬ್ರುಮ್ಮೆನ್ನೋ ಫೈಫೆನ್ನೋ? ಮೊದಲನೆಯದು ದುಂಬಿಯದು, ಎರಡನೆಯದು ಸೀಟಿಯದು ಎಂದು ಸುಧಾಕರ ಪಕ್ಕದಿಂದ ಪಿಸುಗುಟ್ಟಿದ. ನನಗೆ ಎರಡೂ ಸಾಲದೆನಿಸಿತು. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಬಾಯಿಪಾಠ ಮಾಡಿಸಿದ್ದು ಯಾವ ಕಾಲಕ್ಕೆ ಉಪಯೋಗ ಎಂದು ಆಗ ತಿಳಿದಿರಲಿಲ್ಲ. ನೀರಿನಲ್ಲಿ ಗಾಳಿ ಸೇರಿದರೆ ಗುಳುಗುಳು, ಹಿಡಿಪು ಸಡಿಲವಾದರೆ ಗಡಗಡ, ಒಳಗೆ ಸವೆದರೆ ಕರಕರ. ಪಂಪಿನ ಎಲ್ಲ ರೋಗಗಳಿಗೂ ಕನ್ನಡದಲ್ಲಿ ಹೆಸರು ಸಿದ್ಧವಾಗಿದೆ. "ನಮ್ಮದು ಗುಂಯ್, ನಡುನಡುವೆ ಗುಳುಗುಳು," ಎಂದು ಫೋನಿನಲ್ಲಿ ಅಭಿನಯಿಸಿಯೇ ತೋರಿಸಿದೆ. ಆಕೆ ನಗದೆ ಕೇಳಿಸಿಕೊಂಡು, ಗುಳುಗುಳು ಅಂದರೆ ಗಾಳಿ, ಅದನ್ನು ನೀವೇ ಬಿಡಿಸಬಹುದು, ಉಳಿದದ್ದಕ್ಕೆ ಜನ ಬರುವುದು ಕೆಲವು ವಾರ ತಡ ಎಂದರು.

ಗಾಳಿ ಬಿಡಿಸಲು ಬೇಕಾದದ್ದು ಮೊಳೆಯಲ್ಲಿ ತೂಗುತ್ತಿದ್ದ ಅದೇ ಕೀ. ಹೆರ್ ಲೋರೆಂಟ್ಸ್ ಅದರ ಮುಂದೆ ತುಸು ನಿಂತರು. ಆಮೇಲೆ ದಾರದ ಸಮೇತ ತೆಗೆದು ನನ್ನ ಕೈಗಿಟ್ಟು, "ಕೆಳಗಿನಿಂದ ಮೇಲಕ್ಕೆ ಹೋಗಬೇಕು ಅನ್ನುತ್ತಿದ್ದಳು," ಎಂದರು. ನಾವು ಮೂವರೂ ಕೋಣೆಯಿಂದ ಕೋಣೆಗೆ ಬಟ್ಟಲು ಹಿಡಿದುಕೊಂಡು ಹೋದೆವು. ಕೀ ತಿರುಗಿಸಿದೊಡನೆ ಪ್ರತಿ ರೇಡಿಯೇಟರೂ ಬಹಳ ದಿನದ ಸಿಟ್ಟನ್ನು ಹೊರಹಾಕುವಂತೆ ಬುಸ್ಸೆಂದು, ಕೊನೆಗೆ ಒಂದಿಷ್ಟು ಕಪ್ಪು ನೀರು ಉಗುಳಿ ಸುಮ್ಮನಾಯಿತು. ಕಡಿಮೆಯಾದ ನೀರನ್ನು ಸುಧಾಕರ ತುಂಬಿಸಿದ. ಗುಳುಗುಳು ನಿಂತಿತು. ಗುಂಯ್ ನಿಲ್ಲಲಿಲ್ಲ.

ಪಂಪಿನ ಮೇಲೆ ವೇಗದ ಗುಂಡಿಯೊಂದಿತ್ತು. ಅದನ್ನು ಕೆಳಕ್ಕೆ ತಿರುಗಿಸಿದ ಕೂಡಲೇ ಸದ್ದು ಪಿಸುಮಾತಾಯಿತು. ಹೆರ್ ಲೋರೆಂಟ್ಸ್, "ಹಾಗೇ ಇರಲಿ, ನೀವು ಸುಖವಾಗಿ ನಿದ್ದೆ ಮಾಡಿ," ಎಂದು ಮೇಲೆ ಹೋದರು. ನಾವು ಸುಖವಾಗಿಯೇ ನಿದ್ದೆ ಮಾಡಿದೆವು. ಕೆಲವು ದಿನಗಳ ನಂತರ, ಸಮಾಧಾನದ ಗುರುತಿಗೆ ಒಂದಿಷ್ಟು ದೋಸೆ ಕೊಡೋಣವೆಂದು ಮೇಲೆ ಹೋದೆ. ಬಾಗಿಲು ತೆರೆದವರು ಓವರ್‌ಕೋಟು, ಮಫ್ಲರು, ಟೋಪಿ ಹಾಕಿದ್ದರು.

"ಎಲ್ಲಿಗೋ ಹೊರಟಿರಾ?"

"ಇಲ್ಲ, ಪೇಪರು ಓದುತ್ತಿದ್ದೆ."

ಒಳಗೆ ಕಾಲಿಟ್ಟಾಗ ಅರ್ಥವಾಯಿತು. ನಿಧಾನವಾದ ಪಂಪಿಗೆ ನೀರನ್ನು ಮೇಲಿನ ಮಹಡಿಯವರೆಗೆ ತಳ್ಳುವ ತ್ರಾಣವಿರಲಿಲ್ಲ. ನಾವು ಬೆಚ್ಚಗೆ ಮಲಗಿದ್ದಾಗ ಈ ಮನುಷ್ಯ ತನ್ನ ಮನೆಯಲ್ಲೇ ಟೋಪಿ ಹಾಕಿಕೊಂಡು ಕೂತಿದ್ದರು. ಹೇಳಬಾರದಿತ್ತೇ ಎಂದು ಕೇಳಿದರೆ, "ನಾನು ನಿಮ್ಮ ಮೇಲೆ ಸುಳ್ಳು ದೂರು ಹೇಳಿದ್ದೆನಲ್ಲ," ಎಂದರು.

"ನಾವೂ ನಿಮ್ಮ ಮೇಲೆ ಹೇಳಿದ್ದೆವು. ನಿಮಗೆ ಕೇಳಿಸಲಿಲ್ಲ ಅಷ್ಟೇ."

ನಾನು ನೇರ ಕೆಳಗಿಳಿದು ಗುಂಡಿಯನ್ನು ಮತ್ತೆ ಮೇಲಕ್ಕೆ ತಿರುಗಿಸಿದೆ. ಸದ್ದು ಮರಳಿತು. ಆದರೆ ನಿಮಗೆ ಹೇಗೆ ಹೇಳಲಿ, ಅದು ಮೊದಲಿನ ಸದ್ದಾಗಿರಲಿಲ್ಲ. ಯಾರನ್ನೋ ಬೈದುಕೊಂಡು ಕೇಳುವ ಗುಂಯ್ ತಲೆ ತಿನ್ನುತ್ತದೆ. ಮೇಲೊಬ್ಬರು ಬೆಚ್ಚಗಿದ್ದಾರೆಂದು ಗೊತ್ತಿದ್ದು ಕೇಳುವ ಗುಂಯ್‌ನಲ್ಲಿ ನಿದ್ದೆ ಬರುತ್ತದೆ. ಆ ವಾರಗಳಲ್ಲಿ ನಾನು ಚೆನ್ನಾಗಿಯೇ ಮಲಗಿದೆ.

ಕೊನೆಗೆ ರಿಪೇರಿಯವನು ಬಂದ. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ ಆಲಿಸಿ, ಒಳಗಿನ ಬೇರಿಂಗು ಸವೆದಿದೆ, ಹೊಸದೇ ಹಾಕಬೇಕು ಎಂದ. ನಾನು ಹೆರ್ ಲೋರೆಂಟ್ಸ್ ಮುಖ ನೋಡಿದೆ. ಅವರು ಹಳೆಯ ಪಂಪಿನ ಮೇಲೆ ಒಮ್ಮೆ ಅಂಗೈಯಿಟ್ಟರು. "ತೆಗೆಯಿರಿ," ಎಂದರು. "ಹೆಲ್ಗಾ ಇದ್ದಿದ್ದರೆ ಇಷ್ಟು ಸದ್ದು ಮಾಡುವುದನ್ನು ಇಷ್ಟು ದಿನ ಇಟ್ಟುಕೊಳ್ಳುತ್ತಿರಲಿಲ್ಲ."

ಹೊಸ ಪಂಪು ಎಷ್ಟು ಮೌನಿಯೆಂದರೆ ಅದು ಬದುಕಿದೆಯೋ ಇಲ್ಲವೋ ತಿಳಿಯಲು ಇಳಿದುಹೋಗಿ ಹಸಿರು ದೀಪ ನೋಡಬೇಕು. ಹೆರ್ ಲೋರೆಂಟ್ಸ್ ಮೊದಮೊದಲು ದಿನವೂ ಸಂಜೆ ಇಳಿಯುತ್ತಿದ್ದರು. ಮರಳುವಾಗ ನಮ್ಮ ಬಾಗಿಲು ತಟ್ಟಿ "ಓಡುತ್ತಿದೆ" ಎಂದು ವರದಿ ಒಪ್ಪಿಸಿ, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದರು. ಒಂದು ವಾರ ಬರಲೇ ಇಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದರೆ, "ಪಂಪು ಸರಿಯಾಗಿದೆಯಲ್ಲ, ಇನ್ನು ನೋಡುವುದೇನಿದೆ?" ಎಂದರು, ಸ್ವಲ್ಪ ಸಪ್ಪೆಯಾಗಿ.

ನನ್ನ ಜೊತೆಗಿದ್ದ ಸುಧಾಕರ ಗಂಭೀರವಾಗಿ ಹೇಳಿದ: "ಹಾಗೆ ಹೇಳಲಿಕ್ಕೆ ಆಗುವುದಿಲ್ಲ ಹೆರ್ ಲೋರೆಂಟ್ಸ್. ಹೊಸ ಯಂತ್ರಗಳನ್ನೇ ನಂಬಬಾರದು."

ಅವರು ಯೋಚಿಸಿ, ಅದೂ ಹೌದೆಂದು ಒಪ್ಪಿದರು. ಅಂದಿನಿಂದ ನಾವು ಮೂವರೂ ವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿಯುತ್ತೇವೆ. ಏನೂ ಕೇಳಿಸುವುದಿಲ್ಲ. ಬಹಳ ಹೊತ್ತು ನಿಂತು ಕೇಳುತ್ತೇವೆ.