ಎಲ್ಲರಿಗೂ ಒಂದೇ ಯಂತ್ರ

ಎಂಬತ್ತರ ದಶಕದ ಕೊನೆಗೆ ಬಳ್ಳಾರಿಯ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ, ಅದನ್ನು ನೋಡಿಕೊಳ್ಳಲು ಒಬ್ಬರು ಮೇಡಂ ಬಂದರು. ಈಚೆಗೆ ಅವರು ತೀರಿಹೋದರು.

ಯಂತ್ರ ಒಂದೇ, ಅದಕ್ಕೆ ಜೋಡಿಸಿದ ಪರದೆಗಳು ಹಲವು. ಅದು ಎಲ್ಲರ ಕೆಲಸವನ್ನೂ ಚೂರುಚೂರಾಗಿ ಸರದಿಯಂತೆ ಮಾಡುತ್ತಿದ್ದ ವೇಗಕ್ಕೆ, ಪ್ರತಿಯೊಬ್ಬರಿಗೂ ಯಂತ್ರ ತನ್ನೊಬ್ಬನದೇ ಅನ್ನಿಸುತ್ತಿತ್ತು. ಯಾರಾದರೂ ಅವಸರಪಟ್ಟರೆ ಮೇಡಂ ಮೇಜಿನ ಮೇಲೆ ಅಂಗೈ ಊರಿ, "ತಡೀರಿ, ನಿಮ್ಮ ಪಾಳಿನೂ ಬರತೈತಿ" ಎನ್ನುತ್ತಿದ್ದರು.

ಒಂದು ದಿನ ಎಲ್ಲರ ಪರದೆಗಳೂ ತೆವಳತೊಡಗಿದವು. ನಮ್ಮ ಜೊತೆ ಕೆಲಸ ಮಾಡುತ್ತಿದ್ದ, ಕಾಲುವೆ ನೀರು ತಡವಾಗಿ ಮುಟ್ಟುವ ಹಚ್ಚೊಳ್ಳಿ ಊರಿನ ಗೆಳೆಯ ಬೆಳಿಗ್ಗೆ ಶುರು ಮಾಡಿದ್ದ ನೀರಿನ ಲೆಕ್ಕವೇ ಯಂತ್ರದ ಹೊತ್ತನ್ನೆಲ್ಲ ನುಂಗುತ್ತಿತ್ತು. ಮರುದಿನ ಸಿರುಗುಪ್ಪದ ಸಭೆಗೆ ಅದು ಬೇಕಿತ್ತು. ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

"ನೀರು ಹಚ್ಚೊಳ್ಳಿ ಮುಟ್ಟಿದ್ರೂ ಇವನ ಲೆಕ್ಕ ಮುಗಿಯಂಗಿಲ್ಲ. ಬಂದ್ ಮಾಡ್ರಿ ಮೇಡಂ" ಎಂದೆವು.

"ಲೇ, ಮುಂಜಾನಿಯಿಂದ ಓಡಾಕಹತ್ತೈತಿ" ಎಂದ ಗೆಳೆಯನ ದನಿ ಸಣ್ಣಗಾಗಿತ್ತು.

"ಬಂದ್ ಯಾಕ ಮಾಡೂದು? ಪಾಳಿಯೊಳಗ ಹಿಂದಕ ಕುಂದ್ರಸಿದ್ರ ಸಾಕು" ಎಂದು ಮೇಡಂ ಕೀಲಿಮಣೆಯಲ್ಲಿ ಒಂದೇ ಒಂದು ಸಾಲಿನ ಆದೇಶ ಒತ್ತಿದರು. ನಮ್ಮ ಪರದೆಗಳು ಹಗುರಾದವು. ಅವನ ಲೆಕ್ಕ ನಿಂತಿರಲಿಲ್ಲ. ನಮ್ಮ ಕೆಲಸಗಳ ನಡುವೆ ಸಿಗುವ ಬಿಡುವಿನಲ್ಲಿ ಮೆಲ್ಲಗೆ ನಡೆದೇ ಇತ್ತು. ನಾನು ಬೆರಗಾಗಿ ನೋಡುತ್ತಾ ಕುಳಿತೆ.

ಸಂಜೆ ಒಬ್ಬೊಬ್ಬರಾಗಿ ಕೆಲಸ ಮುಗಿಸಿ ಎದ್ದೆವು. ಎದ್ದವರ ಹೊತ್ತೆಲ್ಲ ಆ ಲೆಕ್ಕಕ್ಕೆ ಸೇರಿ ಅದರ ಓಟ ಚುರುಕಾಗುತ್ತಾ ಹೋಯಿತು. ಕೊನೆಗೆ ಮೇಡಂ ತಮ್ಮ ಕೆಲಸವನ್ನೂ ಬಿಟ್ಟು ಎದ್ದು ನಿಂತರು. ಸ್ವಲ್ಪ ಹೊತ್ತಿಗೆ ಅವನ ಲೆಕ್ಕ ಮುಗಿದು ಪ್ರಿಂಟರ್ ಸದ್ದು ಮಾಡಿತು.