ಎರಡನೇ ಕಣ್ಣಿಗೆ ಬಾರದವರ ಪಟ್ಟಿ

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಒಂದು ಸಣ್ಣ ಕಣ್ಣಾಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಚಾಮರಾಜಪುರಂನ ಮನೆಯಿಂದ ನಡೆದೇ ಹೋಗುತ್ತಿದ್ದೆ. ಹಳೆಯ ರಿಜಿಸ್ಟರುಗಳಲ್ಲಿದ್ದ ರೋಗಿಗಳ ವಿವರವನ್ನು ಇಂಗ್ಲಿಷಿನಲ್ಲಿ ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಮೂರು ವರ್ಷ ಅದನ್ನೇ ಮಾಡಿ ಹೆಸರುಗಳೆಲ್ಲ ನನಗೆ ಬರೀ ಅಕ್ಷರಗಳಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು.

ಒಂದು ದಿನ ದೊಡ್ಡ ಡಾಕ್ಟರು ಕರೆದು, ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೊಂದಕ್ಕೆ ಬಾರದೇ ಹೋದವರ ಪಟ್ಟಿ ಬೇಕೆಂದರು; ಎಲ್ಲರಿಗೂ ಕಾಗದ ಬರೆಯೋಣ ಎಂದರು. ಒಂದೇ ಆಪರೇಷನ್ ಆಗಿರಬೇಕು, ಆಗಿ ವರ್ಷ ಕಳೆದಿರಬೇಕು ಎಂದು ಷರತ್ತು ಹಾಕಿ ಕಂಪ್ಯೂಟರಿನಲ್ಲಿ ಹುಡುಕಿದೆ. ಸಿಕ್ಕವರನ್ನೆಲ್ಲ ಪಟ್ಟಿಗೆ ಸೇರಿಸಿ ಪ್ರಿಂಟ್ ಕೊಟ್ಟೆ. ಹಾಳೆಯ ಮೇಲೆ ಹಾಳೆ ಬರುತ್ತಲೇ ಇತ್ತು. ಅಷ್ಟೂ ಜನಕ್ಕೆ ಅಂಚೆ ಕಾರ್ಡು ಬರೆಯಬೇಕಾದವಳು ನಾನೇ ಎಂದು ಹೊಳೆದಾಗ ಅಳು ಬಂದಂತಾಯಿತು.

ಬರೆದು ಮುಗಿಸಲು ಎರಡು ವಾರ ಹಿಡಿಯಿತು. ಬಂದವರು ಕೆಲವರೇ. ಇಲವಾಲದ ಕಡೆಯ ಅಜ್ಜಿಯೊಬ್ಬರು ಸೊಸೆಯ ಕೈ ಹಿಡಿದು ಬಂದು ಕಾರ್ಡನ್ನು ಮೇಜಿನ ಮೇಲಿಟ್ಟರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ತುಸು ಗಡುಸಾಗಿಯೇ ಕೇಳಿದೆ.

"ಬಂದಿದ್ದೆ ಕಣವ್ವ, ಎರಡ್ ಸಲ. ನಂಬರ್ ಚೀಟಿ ಕಳ್ದೋಗಿತ್ತು. ಕಂಪ್ಯೂಟರ್‌ನಲ್ಲಿ ಎಸ್ರೇ ಇಲ್ಲ ಅಂತ ನೀವೇ ವಾಪಸ್ ಕಳಿಸ್ಬುಟ್ರಿ."

ಅವರೆದುರೇ ಹೆಸರು ಒತ್ತಿ ಹುಡುಕಿದೆ. ಬರಲಿಲ್ಲ. ಪಟ್ಟಿಯಲ್ಲಿದ್ದ ನಂಬರಿನಿಂದ ತೆಗೆದು ನೋಡಿದರೆ, ಅವರ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ತುಂಬಿದವಳು ನಾನು. ಪಟ್ಟಿಗೆ ಹೆಸರು ಬೇಕಿರಲಿಲ್ಲ, ತಾರೀಖು ಸಾಕಾಗಿತ್ತು, ಹಾಗಾಗಿ ಸಿಕ್ಕಿದ್ದರು.

"ತಪ್ಪು ನಂದೇ ಅಜ್ಜಿ" ಎಂದೆ.

"ಓಗ್ಲಿ ಬುಡವ್ವ, ಈಗ ಕರೆದ್ರಲ್ಲ."

ಡಾಕ್ಟರ ಬಳಿ ಕರೆದುಕೊಂಡು ಹೋಗಿ ನಡೆದದ್ದನ್ನು ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಪೊರೆ ಬಲಿತುಬಿಟ್ಟಿದೆ, ಮೊದಲೇ ಬಂದಿದ್ದರೆ ಸುಲಭವಿತ್ತು ಎಂದಷ್ಟೇ ಅಂದರು. ಆ ವಾರವೇ ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ದಿನ ಆ ಕಣ್ಣಿಗೆ ಬೆರಳೆಣಿಸುವಷ್ಟು ಕಂಡಿತು, ಮುಖಗಳು ಮಬ್ಬಾಗಿಯೇ ಉಳಿದವು. ಅಜ್ಜಿ ಅದಕ್ಕೇ ಸಂತೋಷಪಟ್ಟರು. ನನಗೆ ಆಗಲಿಲ್ಲ.

ಮರುದಿನ ಮೊದಲ ರಿಜಿಸ್ಟರನ್ನು ತೆಗೆದು, ಒಂದೊಂದು ಹೆಸರನ್ನೂ ಪರದೆಯ ಜೊತೆ ತಾಳೆ ನೋಡತೊಡಗಿದೆ. ಮಾಡೆಂದು ಯಾರೂ ಹೇಳಿರಲಿಲ್ಲ. ಉಳಿದ ಕೆಲಸದ ನಡುವೆ ದಿನಕ್ಕೆ ಎರಡು ಪುಟ ಆದರೆ ಹೆಚ್ಚು. ಮೊದಲ ಪುಟದಲ್ಲೇ ಮೂರು ತಪ್ಪು ಸಿಕ್ಕವು.